ಹುಣಸೇಕೊಪ್ಪಲು ಗೇಟು ದಾಟಿದ ಮೇಲೆ

೧

ಮುದ್ದೆಯ ಹಿಟ್ಟು ತಿರುವುವಾಗ ಕೈ ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ಗಂಟು. ಅರುಂಧತಿ ಎಡಗೈಯಲ್ಲಿ ಇಕ್ಕಳದಿಂದ ಪಾತ್ರೆ ಹಿಡಿದು, ಬಲಗೈಯಲ್ಲಿ ಕೋಲು ತಿರುವುತ್ತಿದ್ದಳು. ಅಷ್ಟರಲ್ಲಿ ಕಿಟಕಿ ಕಟ್ಟೆಯ ಮೇಲಿದ್ದ ಫೋನು ಬೆಳಗಿ, ಒಂದು ಪ್ರಶ್ನೆ ಕೇಳಿತು: ‘ಇಳಿ’ ಎಂಬ ಜ್ಞಾಪನೆಯನ್ನು ನೀವು ನಾನೂರ ಆರು ಸಲ ಮುಂದೂಡಿದ್ದೀರಿ. ಇಟ್ಟುಕೊಳ್ಳಬೇಕೆ, ಅಳಿಸಬೇಕೆ?

ಇಲ್ಲಿಂದ ಶುರು ಮಾಡಬಹುದೇ? ಓದುಗರೇ, ನನಗೂ ಗೊತ್ತಿಲ್ಲ. ಕೆಲಸದ ನಡುವೆ ಸಿಕ್ಕಿಬಿದ್ದ ಹೆಂಗಸಿನಿಂದ ಕಥೆ ಶುರುವಾದರೆ ಅದಕ್ಕೊಂದು ಜೀವಂತಿಕೆ ಬರುತ್ತದೆ ಅನ್ನುತ್ತಾರೆ. ಆದರೆ ಅವಳ ಕಡೆಯಿಂದ ಯಾರೂ ಯೋಚಿಸುವುದಿಲ್ಲ.

(ನಾನು ಈ ನಾಲ್ಕು ಸಾಲು ಬರೆಯುವಷ್ಟರಲ್ಲಿ ಅವಳ ಕೈ ನಿಂತು, ಹಿಟ್ಟಿನಲ್ಲಿ ಎರಡು ಗಂಟು ಬಿದ್ದವು. ಮಧ್ಯಾಹ್ನ ಶಾಲೆಯಲ್ಲಿ ಡಬ್ಬಿ ಬಿಚ್ಚುವ ಗಂಡ ಪುಟ್ಟರಾಜು ಮೇಷ್ಟ್ರು ಅದನ್ನು ನೋಡುತ್ತಾರೆ, ಸಂಜೆ ಖಾಲಿ ಡಬ್ಬಿಯ ಜೊತೆ ಗಂಟಿಕ್ಕಿದ ಮುಖವನ್ನೂ ತರುತ್ತಾರೆ.)

೧ (ಇನ್ನೊಂದು ಸಲ)

ಹಾಗಾದರೆ ನಕ್ಷೆಯಿಂದ ಶುರು ಮಾಡೋಣ. ನಕ್ಷೆಗೆ ಗಂಟು ಬೀಳುವುದಿಲ್ಲ.

ಮದ್ದೂರು. ಅಲ್ಲಿಂದ ದಕ್ಷಿಣಕ್ಕೆ ಬಸ್ಸು ಹೊರಟರೆ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತಾ ದೊಡ್ಡಿ, ದೊಡ್ಡಿ ಕಳೆದು ಒಂದು ನಾಲೆ, ನಾಲೆಯಾಚೆ ಹುಣಸೇಕೊಪ್ಪಲು ಗೇಟು, ಕೊನೆಗೆ ಮಳವಳ್ಳಿ. ಹುಣಸೇಕೊಪ್ಪಲನ್ನು ನಕ್ಷೆಯಲ್ಲಿ ಹುಡುಕಬೇಡಿ, ಅದನ್ನು ನಾನು ಕಟ್ಟಿದ್ದು. ಗೇಟು ಎಂದರೆ ಬಾಗಿಲೂ ಅಲ್ಲ, ಕಂಬವೂ ಅಲ್ಲ. ನಮ್ಮ ಕಡೆ ಊರಿನ ದಾರಿ ಟಾರು ರಸ್ತೆಗೆ ಬಂದು ಸೇರುವ ಕಡೆ ಬಸ್ಸು ನಿಂತರೆ ಅದು ಗೇಟು.

ಅರುಂಧತಿಗೆ ನಲವತ್ತೊಂಬತ್ತು. ಮಳವಳ್ಳಿಯಲ್ಲಿ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಮನೆ ಮದ್ದೂರಿನಲ್ಲಿ. ಹನ್ನೊಂದು ವರ್ಷದಿಂದ ದಿನಕ್ಕೆರಡು ಸಲ ಆ ಗೇಟನ್ನು ದಾಟುತ್ತಾಳೆ. ಅಲ್ಲಿಂದ ಒಳಗೆ ಒಂದು ಮೈಲಿ ನಡೆದರೆ ಅವಳು ಹುಟ್ಟಿದ ಮನೆ. ಆ ಮನೆಯಲ್ಲಿ ಈಗ ಅವಳ ಅಕ್ಕ ಶಿವನಂಜಮ್ಮ ಇದ್ದಾಳೆ. ಮೂರು ವರ್ಷದಿಂದ ಅರುಂಧತಿ ಆ ಗೇಟಿನಲ್ಲಿ ಇಳಿದಿಲ್ಲ.

ಕಳೆದ ವರ್ಷ ಮಗಳು ಅನು ಅಮ್ಮನ ಫೋನಿಗೆ ಒಂದು ಕ್ಯಾಲೆಂಡರ್ ಹಾಕಿಕೊಟ್ಟಳು. ಅದಕ್ಕೆ ತಾರೀಖು ಬೇಕಿಲ್ಲ, ಹೊತ್ತು ಬೇಕಿಲ್ಲ, ಜಾಗ ಹೇಳಿದರೆ ಸಾಕು. ನಕ್ಷೆಯ ಮೇಲೊಂದು ಮೊಳೆ ಹೊಡೆದು, ಸುತ್ತ ಇನ್ನೂರು ಮೀಟರಿನ ವೃತ್ತ ಎಳೆದು, ಏನು ನೆನಪಾಗಬೇಕೋ ಬರೆದಿಟ್ಟರೆ, ಆ ಜಾಗಕ್ಕೆ ಬಂದಾಗ ಫೋನು ಕೂಗುತ್ತದೆ. ಮದ್ದೂರು ಬಸ್‌ಸ್ಟ್ಯಾಂಡಿಗೆ ಅನು ತಾನೇ ಬರೆದಳು: ಕೊತ್ತಂಬರಿ, ಹಾಲು, ನಿನ್ನ ಕನ್ನಡಕ ಬಸ್ಸಲ್ಲೇ ಬಿಡಬೇಡ. ಆಮೇಲೆ ಒಂದು ದಿನ ಯಾರೂ ಇಲ್ಲದಾಗ ಅರುಂಧತಿ ತಾನೊಂದು ಮೊಳೆ ಹೊಡೆದಳು, ಹುಣಸೇಕೊಪ್ಪಲು ಗೇಟಿಗೆ. ಬರೆದದ್ದು ಎರಡಕ್ಷರ: ಇಳಿ.

ಈಗ ಅವಳಿಗೆ ಬಡ್ತಿಯ ಮೇಲೆ ಮಂಡ್ಯಕ್ಕೆ ವರ್ಗವಾಗಿದೆ. ಮಂಡ್ಯ ಆ ಕಡೆ, ಮಳವಳ್ಳಿ ಈ ಕಡೆ. ಇವತ್ತು ಗುರುವಾರ. ನಾಳೆ ಶುಕ್ರವಾರ ಕೊನೆಯ ಓಡಾಟ. ಸೋಮವಾರದಿಂದ ಆ ಗೇಟು ಅವಳ ದಾರಿಯಲ್ಲಿ ಇರುವುದಿಲ್ಲ. ಇಳಿಯಲಿಲ್ಲ ಅನ್ನುವುದಕ್ಕೂ ಜಾಗ ಇರುವುದಿಲ್ಲ.

ಇಳಿಯುತ್ತಾಳೆಯೇ? ಕಥೆ ಇಷ್ಟೇ. ಮುಂದಿನದೆಲ್ಲಾ ಟ್ರ್ಯಾಕ್ಟರಿನ ಹಿಂದೆ ತೆವಳುವುದು.

೨ (ಹರಿದು ಹಾಕಿದ್ದು)

ಮೊದಲ ಕರಡಿನಲ್ಲಿ ಅಕ್ಕತಂಗಿಯರ ನಡುವೆ ಹದಿನಾಲ್ಕು ಗುಂಟೆ ಗದ್ದೆ ಇಟ್ಟಿದ್ದೆ. ಪಾಲಿನ ಜಗಳವೆಂದರೆ ಓದುವವರು ತಕ್ಷಣ ಒಪ್ಪುತ್ತಾರೆ, ಕಾರಣ ಕೇಳುವುದಿಲ್ಲ. ಒಂದೂವರೆ ಪುಟ ಚೆನ್ನಾಗಿಯೇ ಓಡಿತು. ಅಷ್ಟರಲ್ಲಿ ಅರುಂಧತಿ ಪುಟದಿಂದ ತಲೆಯೆತ್ತಿ, ಸರ್ಕಾರಿ ಕಚೇರಿಯಲ್ಲಿ ಅರ್ಜಿ ವಾಪಸ್ಸು ಕಳಿಸುವ ದನಿಯಲ್ಲಿ ಕೇಳಿದಳು.

“ಯಾವ ಗದ್ದೆ ಮೇಡಂ? ನಮ್ಮಪ್ಪಂಗೆ ಇದ್ದಿದ್ದೇ ಮನೆ, ಹಿತ್ಲು, ಒಂದು ಹಸ. ಹಸ ಯಾರಾದ್ರೂ ಪಾಲು ಹಾಕ್ತಾರಾ?”

ಹರಿದು ಹಾಕಿದೆ.

೩

ಆದದ್ದು ಇದು.

ಯುಗಾದಿಯ ಮಾರನೆಯ ದಿನ ಹೊಸತೊಡಕು. ಮಂಡ್ಯ ಸೀಮೆಯಲ್ಲಿ ಒಬ್ಬಟ್ಟು ಒಂದು ನೆಪ. ಜನ ಕಾಯುವುದು ಮಾರನೆಯ ದಿನದ ಬಾಡೂಟಕ್ಕೆ. ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಉಂಡು ಹೊರಡುವಾಗ ತವರಿನ ಹೆಂಗಸು ಅವರ ಸೆರಗಿಗೆ ಮಡಿಲಕ್ಕಿ ಹಾಕುತ್ತಾಳೆ: ಐದು ಬೊಗಸೆ ಅಕ್ಕಿ, ತೆಂಗಿನಕಾಯಿ, ಬೆಲ್ಲದಚ್ಚು, ಎಲೆ ಅಡಿಕೆ. ಅರುಂಧತಿಗೆ ಇಪ್ಪತ್ತೈದು ವರ್ಷ ಅವಳ ತಾಯಿ ಪಟ್ಟಲಮ್ಮ ಹಾಕಿದ್ದರು, ಕೊನೆಕೊನೆಗೆ ಹಾಸಿಗೆಯಲ್ಲಿ ಕೂತೇ. ಗೋಡೆಯ ಮೇಲೆ ಬಾಬಾಸಾಹೇಬರ ಫೋಟೋ ಇತ್ತು, ಪಕ್ಕದಲ್ಲಿ ಬುದ್ಧನೂ ಬಂದಿದ್ದ. ಅವರಿಬ್ಬರ ಕೆಳಗೆ ಮಡಿಲಕ್ಕಿಯೂ ನಡೆಯುತ್ತಿತ್ತು. ಯಾರಿಗೂ ಅದರಲ್ಲಿ ತೊಡಕು ಕಂಡಿರಲಿಲ್ಲ.

ಮೂರು ವರ್ಷದ ಹಿಂದಿನದು, ಒಂದೇ ವರ್ಷದಲ್ಲಿ ತಂದೆಯೂ ತಾಯಿಯೂ ಹೋದ ಮೇಲಿನ ಮೊದಲ ಯುಗಾದಿ. ಶಿವನಂಜಮ್ಮ ಮೊರದಲ್ಲಿ ಅಕ್ಕಿ ಕಾಯಿ ಇಟ್ಟುಕೊಂಡು ಒಳಗಿನಿಂದ ಬಂದಳು. ಮದುವೆಯಾಗಿ ಹತ್ತು ವರ್ಷಕ್ಕೆ ಗಂಡ ಮಹದೇವಯ್ಯನನ್ನು ಕಳೆದುಕೊಂಡು ತವರಿಗೆ ಬಂದವಳು ಅವಳು. ತಾಯಿ ಹಾಸಿಗೆ ಹಿಡಿದ ಆರು ವರ್ಷ ಎತ್ತಿ ಕೂರಿಸಿ ಉಣ್ಣಿಸಿದವಳು. ಆ ಮನೆಯ ಯಜಮಾನಿ ಈಗ ಅವಳೇ. ತಂಗಿಗೆ ಮಡಿಲು ತುಂಬುವ ಸಡಗರದಲ್ಲಿ ಅವಳಿಗೆ ಒಂದು ವಿಷಯ ಮರೆತೇ ಹೋಗಿತ್ತು. ಗಂಡ ಸತ್ತವಳು ಹಾಕುವಂತಿಲ್ಲ ಅನ್ನುವುದು.

ನೆನಪು ಮಾಡಿಕೊಟ್ಟವರು ಚಿಕ್ಕಮ್ಮ ದೊಡ್ಡತಾಯಮ್ಮ.

“ನೀ ಬುಡು ಶಿವನಂಜಿ,” ಅಂದರು. “ನಾ ಆಕ್ತೀನಿ.”

ಕೆಟ್ಟ ದನಿಯಲ್ಲಿ ಹೇಳಲಿಲ್ಲ. ಬಿಸಿ ಪಾತ್ರೆಯನ್ನು ಇನ್ನೊಬ್ಬರ ಕೈಯಿಂದ ಇಸಿದುಕೊಳ್ಳುವ ಹಾಗೆ, ಮೆತ್ತಗೆ, ಮೊರವನ್ನು ಇಸಿದುಕೊಂಡರು. ನಡುಮನೆಯಲ್ಲಿ ಎಂಟು ಹೆಂಗಸರು ನಿಂತಿದ್ದರು. ಅರುಂಧತಿ ಸೆರಗು ಒಡ್ಡಿಕೊಂಡು ನಿಂತಿದ್ದಳು. ಅವಳು ‘ಅಕ್ಕನೇ ಹಾಕಲಿ’ ಅನ್ನಬಹುದಿತ್ತು. ಮೂರು ಪದವೂ ಆಗುವುದಿಲ್ಲ. ಅನ್ನಲಿಲ್ಲ. ಚಿಕ್ಕಮ್ಮನ ಐದು ಬೊಗಸೆ ಸೆರಗಿಗೆ ಬಿತ್ತು. ಶಿವನಂಜಮ್ಮ ಒಳಗೆ ಹೋಗಿ ಮಿಕ್ಕ ಸಾರನ್ನು ಡಬ್ಬಿಗೆ ತುಂಬಿ ತಂದು ತಂಗಿಯ ಕೈಗೆ ಕೊಟ್ಟಳು.

“ಬಸ್ಸಿಗ್ ಒತ್ತಾಯ್ತದೆ,” ಅಂದಳು. “ಓಗು.”

ಅಷ್ಟೇ. ಜಗಳವಿಲ್ಲ. ಈಗ ತಿಳಿಯಿತೇ ನಾನು ಯಾಕೆ ಗದ್ದೆ ತಂದಿದ್ದೆ ಅಂತ? ಜಗಳವಿದ್ದರೆ ರಾಜಿ ಮಾಡಿಸಬಹುದು.

(ಮೂರು ವಾರಕ್ಕೆ ಏಪ್ರಿಲ್ ಹದಿನಾಲ್ಕು ಬಂತು. ಮಳವಳ್ಳಿಯ ಬಾಬಾಸಾಹೇಬರ ಜಯಂತಿಯಲ್ಲಿ ಮಹಿಳೆಯರ ಪರವಾಗಿ ನಾಲ್ಕು ಮಾತಾಡಬೇಕೆಂದು ಅರುಂಧತಿಯನ್ನು ಕರೆದಿದ್ದರು. ವಿಧವೆಯರನ್ನು ಹಿಂದೆ ಸರಿಸುವ ಸಂಪ್ರದಾಯದ ಬಗ್ಗೆ ಹತ್ತು ನಿಮಿಷ ಚೆನ್ನಾಗಿ ಮಾತಾಡಿದಳು. ಚಪ್ಪಾಳೆ ಬಿತ್ತು. ಆ ಚಪ್ಪಾಳೆ ಕೇಳಿದ ದಿನದಿಂದ ಅವಳಿಗೆ ಆ ಗೇಟಿನಲ್ಲಿ ಇಳಿಯಲು ಕಾಲು ಬರಲಿಲ್ಲ.)

೫

(ನಾಲ್ಕನೆಯದರಲ್ಲಿ ಅಕ್ಕನನ್ನು ವರ್ಣಿಸಿದ್ದೆ. ನಾನು ವರ್ಣಿಸಿದ ಅಕ್ಕ ಯಾವುದೋ ಕ್ಯಾಲೆಂಡರಿನ ಚಿತ್ರದಂತಿದ್ದಳು. ತೆಗೆದೆ. ಅದರ ಬದಲು ರಸ್ತೆ ಇರಲಿ.)

ಅರುಂಧತಿ ಒಂದನೇ ಕ್ಲಾಸಿನಿಂದ ದೊಡ್ಡಿಯ ಶಾಲೆಗೆ ನಡೆದು ಹೋಗುತ್ತಿದ್ದಳು. ಬಿಟ್ಟು ಬರುವವಳು ಎಂಟು ವರ್ಷ ದೊಡ್ಡವಳಾದ ಅಕ್ಕ. ಅಕ್ಕ ಐದಕ್ಕೇ ಶಾಲೆ ಬಿಟ್ಟಿದ್ದಳು. ಆದರೆ ಐದರವರೆಗಿನ ಗಣಿತ ಅವಳನ್ನು ಬಿಟ್ಟಿರಲಿಲ್ಲ. ತಂಗಿಗೆ ಮಗ್ಗಿ ಬಾಯಿಗೆ ಹತ್ತಿಸಲು ಅವಳು ಒಂದು ಉಪಾಯ ಹೂಡಿದಳು. ದಾರಿಯ ಒಂದೊಂದು ಜಾಗಕ್ಕೆ ಒಂದೊಂದು ಮಗ್ಗಿ ಕೊಟ್ಟುಬಿಟ್ಟಳು. ನಾಲೆ ಸೇತುವೆಗೆ ಏಳರ ಮಗ್ಗಿ. ಆಲೆಮನೆಗೆ ಎಂಟರದು, ಕೊಪ್ಪರಿಗೆಯ ಬೆಲ್ಲದ ವಾಸನೆ ಮೂಗಿಗೆ ಬಡಿದ ಕೂಡಲೇ ಎಂಟೊಂದ್ಲಿ ಎಂಟು ಶುರುವಾಗಬೇಕು, ವಾಸನೆ ಮುಗಿಯುವುದರೊಳಗೆ ಎಂಬತ್ತು ಮುಟ್ಟಬೇಕು. ಒಂಬತ್ತು ಬೋರನ ಹೊಂಗೆಮರಕ್ಕೆ. ಹದಿಮೂರು ದೊಡ್ಡ ಹುಣಸೆಮರಕ್ಕೆ, ಯಾಕೆಂದರೆ ಹದಿಮೂರು ಕಷ್ಟ, ಹುಣಸೆಗೆ ನೆರಳು ಜಾಸ್ತಿ, ನಿಂತುಕೊಂಡು ಹೇಳಬಹುದು.

ತಪ್ಪಿದರೆ ಅಕ್ಕ ಹೊಡೆಯುತ್ತಿರಲಿಲ್ಲ. “ವಾಪಸ್ ನಡಿ,” ಅನ್ನುತ್ತಿದ್ದಳು. ಮತ್ತೆ ಹಿಂದಿನ ಮರದಿಂದ ಶುರು. ಒಂದು ದಿನ ಹದಿಮೂರೇಳು ತಪ್ಪಿ ತಪ್ಪಿ, ಅಕ್ಕತಂಗಿ ಆ ಹುಣಸೆಮರವನ್ನು ಆರು ಸಲ ದಾಟಿ, ಶಾಲೆಗೆ ಹೋದಾಗ ಊಟದ ಗಂಟೆ ಹೊಡೆಯುತ್ತಿತ್ತು. ಮೇಷ್ಟ್ರು ಯಾಕೆ ತಡ ಎಂದಾಗ ಅಕ್ಕ, ಲೆಕ್ಕ ಮಾಡ್ತಾ ಇದ್ವಿ ಅಂದಳು.

ಕಚೇರಿಯಲ್ಲಿ ಯಾರಾದರೂ ಏಳೆಂಟು ಎಷ್ಟು ಎಂದರೆ ಅರುಂಧತಿಗೆ ಈಗಲೂ ಮೊದಲು ಸೇತುವೆಯ ಕಟ್ಟೆ ಕಾಣುತ್ತದೆ, ಆಮೇಲೆ ಐವತ್ತಾರು. ರಸ್ತೆ ಅಗಲ ಮಾಡುವಾಗ ಹೊಂಗೆ ಹೋಯಿತು, ಹುಣಸೆ ಹೋಯಿತು, ಆಲೆಮನೆ ಮುಚ್ಚಿ ಅಲ್ಲೊಂದು ಟೈರಿನ ಅಂಗಡಿ ಬಂತು. ಮರ ಬಿದ್ದ ವರ್ಷದಿಂದ ಹದಿಮೂರರ ಮಗ್ಗಿಯಲ್ಲಿ ಅವಳು ಎಡವುತ್ತಾಳೆ. ಬಸ್ಸು ಆ ಬಯಲನ್ನು ಹಾಯುವಾಗ ತುಟಿ ತಾನಾಗಿ ಅಲುಗುತ್ತದೆ, ಹದಿಮೂರೇಳಕ್ಕೆ ಬಂದು ನಿಲ್ಲುತ್ತದೆ. ವಾಪಸ್ ನಡಿ ಅನ್ನುವವರಿಲ್ಲ.

ಮಗಳು ಜಾಗ ಹೇಳಿದರೆ ಸಾಕು ಎಂದು ಫೋನು ಕೈಗಿಟ್ಟಾಗ ಅರುಂಧತಿಗೆ ಅದು ಹೊಸದೆನಿಸಲಿಲ್ಲ. ಅಕ್ಕನ ವಿದ್ಯೆಯನ್ನು ಯಾರೋ ಕದ್ದು ಕನ್ನಡಿಯೊಳಗೆ ಹಾಕಿದ್ದಾರೆ ಅನ್ನಿಸಿತು.

೬

ಗುರುವಾರ ಸಂಜೆ. ಅನು ಮಂಡ್ಯದ ಕಾಲೇಜಿನಿಂದ ಬಂದವಳು ಅಮ್ಮನ ಫೋನು ತೆಗೆದುಕೊಂಡು ಸೋಫಾದಲ್ಲಿ ಕಾಲು ಮಡಿಸಿ ಕೂತಳು. ಸೋಮವಾರದಿಂದ ದಾರಿ ಬದಲಾಗುವುದರಿಂದ ಮೊಳೆಗಳನ್ನೆಲ್ಲಾ ಕಿತ್ತು ಮಂಡ್ಯದ ಕಡೆ ಹೊಡೆದುಕೊಡುವುದು ಅವಳ ಕೆಲಸ. ಕೊತ್ತಂಬರಿಯನ್ನು ಎತ್ತಿ ಮಂಡ್ಯ ಮಾರ್ಕೆಟ್ಟಿಗೆ ಹಾಕಿದಳು. ಹಾಲು ಅಲ್ಲೇ ಇರಲಿ ಅಂದಳು. ಆಮೇಲೆ ನಗತೊಡಗಿದಳು.

“ಅಮ್ಮ, ಇದೇನಿದು ‘ಇಳಿ’? ತಪ್ಪು ಹಾಕಿದೀಯ ಕಣಮ್ಮ. ‘ತಲುಪಿದಾಗ’ ಅಂತ ಒತ್ತಬೇಕು, ನೀನು ‘ಹೊರಟಾಗ’ ಒತ್ತಿದೀಯ. ಗೇಟು ದಾಟಿ ಇನ್ನೂರು ಮೀಟರ್ ಹೋದ್ಮೇಲೆ ಇಳಿ ಅಂತ ಕೂಗುತ್ತೆ. ಆಗ ಇಳಿದ್ರೆ ಕಬ್ಬಿನ ಗದ್ದೇಲಿ ಇಳೀಬೇಕು.”

ಒಂದು ವರ್ಷದಿಂದ ಹೀಗೇ ಕೂಗುತ್ತಿದೆಯಾ ಎಂದು ಕೇಳಿದಳು. ಕೂಗುತ್ತದೆ ಎಂದಳು ತಾಯಿ. ಒಂದು ಸಲವಾದರೂ ನನಗೆ ಹೇಳಬಾರದಿತ್ತಾ, ಸರಿ ಮಾಡಿಕೊಡುತ್ತಿದ್ದೆನಲ್ಲ ಎಂದು ಮಗಳು ಗೊಣಗಿದಳು. ಅದು ದೊಡ್ಡಮ್ಮನ ಊರಲ್ಲವಾ ಎಂದೂ ಕೇಳಿದಳು. ಅರುಂಧತಿ ಅವರೆಕಾಯಿ ಸುಲಿಯುತ್ತಾ, ಹೌದು, ಅದನ್ನೊಂದು ಮುಟ್ಟಬೇಡ, ಇರಲಿ ಬಿಡು ಅಂದಳು.

ಓದುಗರೇ, ಇಲ್ಲಿ ನಾನು ಖುಷಿಯಿಂದ ಪೆನ್ನು ಕೆಳಗಿಟ್ಟು ಕಾಫಿ ಮಾಡಿಕೊಂಡೆ. ಕಥೆಗೆ ಬೇಕಾದದ್ದು ಸಿಕ್ಕಿತ್ತು. ಟೆಕ್ನಾಲಜಿ ಅರಿಯದ ಹೆಂಗಸು, ಒಂದು ತಪ್ಪು ಗುಂಡಿ, ಅದರಿಂದ ಒಂದು ವರ್ಷ ಹಾಳು. ನಾಳೆ ಬೆಳಗ್ಗೆ ಗುಂಡಿ ಸರಿಹೋಗುತ್ತದೆ, ಫೋನು ಸರಿಯಾದ ಜಾಗದಲ್ಲಿ ಕೂಗುತ್ತದೆ, ಅವಳು ಇಳಿಯುತ್ತಾಳೆ. ಎರಡು ಪುಟದಲ್ಲಿ ಮುಗಿಸಬಹುದು ಅಂದುಕೊಂಡೆ.

೭

ಶುಕ್ರವಾರ ಬೆಳಗ್ಗೆ ಬಸ್ಸಿನಲ್ಲಿ ಅರುಂಧತಿಯ ಪಕ್ಕದ ಸೀಟು ಖಾಲಿ ಇತ್ತು. (ಶಕ್ತಿ ಬಸ್ಸಿನಲ್ಲಿ ಬೆಳಗ್ಗೆ ಒಂಬತ್ತಕ್ಕೆ ಸೀಟು ಖಾಲಿ ಇರುವುದು ಕಥೆಯಲ್ಲಿ ಮಾತ್ರ ಸಾಧ್ಯ. ಕ್ಷಮಿಸಿ.) ನಾನು ಹೋಗಿ ಕೂತೆ. ಗುಂಡಿ ಸರಿ ಮಾಡಿಕೊಂಡಿರಾ ಎಂದು ಕೇಳಿದೆ.

ಅವಳು ಸೊನ್ನೆ ಟಿಕೇಟನ್ನು ಮಡಿಸಿ ಗಡಿಯಾರದ ಪಟ್ಟಿಯೊಳಗೆ ಸಿಕ್ಕಿಸಿದಳು.

“ತಪ್ಪಲ್ಲ ಮೇಡಂ ಅದು,” ಅಂದಳು. “ನೋಡ್ಕೊಂಡೇ ಒತ್ತಿದ್ದು. ತಲುಪಿದಾಗ ಕೂಗಿದ್ರೆ ಇಳೀಬೇಕಾಗಿತ್ತು. ದಾಟಿದ್ಮೇಲೆ ಕೂಗಿದ್ರೆ, ಅಯ್ಯೋ ದಾಟ್ಬುಡ್ತಲ್ಲ ಅನ್ಕೋಬೋದು. ದಿನಾ ಎರಡು ಸಲ ಅನ್ಕೊಂಡಿದೀನಿ.”

ನನ್ನ ಕಾಫಿ ದಂಡವಾಯಿತು.

ಟೈರಿನ ಅಂಗಡಿ ಹೋಯಿತು, ಸೇತುವೆ ಬಂತು. ನಾಲೆಯಲ್ಲಿ ನೀರು ಬಿಟ್ಟಿದ್ದರು. ಗೇಟು ಹತ್ತಿರವಾಗುತ್ತಿದ್ದುದರಿಂದ ನಾನು ಗಡಿಬಿಡಿಯಲ್ಲಿ ಚೀಲದಿಂದ ಮೂರು ಮುಕ್ತಾಯ ತೆಗೆದು ಅವಳ ತೊಡೆಯ ಮೇಲಿಟ್ಟೆ. ಯಾವುದು ಬೇಕೋ ಆರಿಸಿಕೊಳ್ಳಿ ಅಂದೆ.

ಮುಕ್ತಾಯ ಅ: ಇಳಿಯುತ್ತಾಳೆ. ಅಕ್ಕ ಜಗಲಿಯಲ್ಲಿ ಕಾಳು ಹಸನು ಮಾಡುತ್ತಿರುತ್ತಾಳೆ. ತಲೆಯೆತ್ತುತ್ತಾಳೆ. ಇಬ್ಬರೂ ತಬ್ಬಿಕೊಂಡು ಅಳುತ್ತಾರೆ.

ನಮ್ಮಕ್ಕ ಅಳುವವಳಲ್ಲ, ಅಂದಳು ಅರುಂಧತಿ. ಅಮ್ಮ ಸತ್ತ ದಿನವೂ ಬಂದವರಿಗೆಲ್ಲಾ ಕಾಫಿ ಕಾಸುತ್ತಿದ್ದಳಂತೆ; ಸಕ್ಕರೆ ಸಾಲದು ಎಂದವನ ಲೋಟ ಇಸಿದುಕೊಂಡು ಕಳಿಸಿದ್ದಳಂತೆ.

ಮುಕ್ತಾಯ ಆ: ಇಳಿಯುತ್ತಾಳೆ. ಮನೆಗೆ ಬೀಗ. ಸಂಘದ ಹೆಂಗಸರ ಜೊತೆ ಅಕ್ಕ ಮುತ್ತತ್ತಿಗೆ ಹೋಗಿದ್ದಾಳೆಂದು ಪಕ್ಕದ ಮನೆಯವರು ಹೇಳುತ್ತಾರೆ. ಬೀಗವನ್ನು ಮುಟ್ಟಿ ವಾಪಸ್ಸು ಬರುತ್ತಾಳೆ.

ಇದನ್ನು ಓದಿ ಅವಳು ನಕ್ಕಳು. ಬೀಗ ಹಾಕುವುದು ನಿಮಗೆ ಸುಲಭ ಅಂದಳು. ನಿಜ. ಮುಕ್ತಾಯ ಹೊಳೆಯದಿದ್ದಾಗ ನಾನು ಬೀಗ ಹಾಕುತ್ತೇನೆ.

ಮುಕ್ತಾಯ ಇ: ಗೇಟಿನಲ್ಲಿ ಅಕ್ಕನೇ ಬಸ್ಸು ಹತ್ತುತ್ತಾಳೆ. ಖಾಲಿ ಸೀಟು ಅದೇ. (ನಾನು ಎದ್ದು ಕೊಡುತ್ತೇನೆ.)

ಇದನ್ನು ಅವಳು ಎರಡು ಸಲ ಓದಿದಳು. ಇದು ಅವಳಿಗೆ ಬೇಕಿತ್ತು, ನನಗೆ ಕಂಡಿತು. ಆಮೇಲೆ ಮೂರನ್ನೂ ಮಡಿಸಿ ನನ್ನ ಕೈಗೆ ವಾಪಸ್ಸು ಕೊಟ್ಟಳು.

“ತಪ್ಪು ನಂದು. ಅವಳ್ಯಾಕೆ ಬರ್ಬೇಕು? ನಾನೇ ಹೋಗಿ ಒಲೆ ಮುಂದೆ ಕೂತ್ಕೊಂಡು ತಪ್ಪಾಯ್ತು ಅಕ್ಕ ಅಂದ್ರೆ, ಏನಂತಾಳೆ ಗೊತ್ತಾ? ‘ಅಯ್ ಅದ್ಯಾವ್ ಮಾತು ಬುಡು, ಇಟ್ಟುಣ್ಣು’ ಅಂತಾಳೆ. ನಂಗೆ ಹಗುರಾಯ್ತದೆ. ಅವಳಿಗೇನಾಯ್ತದೆ? ಅವತ್ತು ಎಂಟು ಜನ ನಿಂತಿದ್ರು ಮೇಡಂ.”

ಗೇಟು ಬಂತು. ಬಸ್ಸು ನಿಲ್ಲಲಿಲ್ಲ. ಇನ್ನೂರು ಮೀಟರು ಕಳೆದ ಮೇಲೆ ಫೋನು ಇಳಿ ಎಂದು ಕೂಗಿತು. ಅವಳು ‘ಆಮೇಲೆ’ ಒತ್ತಿದಳು. ನಾನೂರ ಒಂಬತ್ತು.

೮

ಕಚೇರಿಯ ಬೀಳ್ಕೊಡುಗೆಯನ್ನು ಬರೆಯುವುದಿಲ್ಲ. ಹಾರ, ಶಾಲು, ಪಕ್ಕದ ಕಚೇರಿಯ ಮರಿಸಿದ್ದಯ್ಯನವರ ಮುಗಿಯದ ಭಾಷಣ, ಬಾದುಷಾ. ನೀವೂ ನೋಡಿದ್ದೀರಿ.

ಸಂಜೆ ಐದೂ ಇಪ್ಪತ್ತರ ಬಸ್ಸು. ಕಂಡಕ್ಟರ್ ನಾಗರಾಜು, ಮೇಡಮ್ಮೋರು ಮಂಡ್ಯದೋರಾಗ್ಬುಟ್ರು, ಇನ್ನು ನಮ್ಮನ್ನೆಲ್ಲಾ ಮಾತಾಡಿಸ್ತಾರಾ ಎಂದು ಬಸ್ಸಿಗೆಲ್ಲಾ ಕೇಳುವಂತೆ ಹಂಗಿಸಿದ. ಅವಳು ಅವನಿಗೊಂದು ಬಾದುಷಾ ಕೊಟ್ಟು ಬಾಯಿ ಮುಚ್ಚಿಸಿದಳು.

ಈ ಸಲ ನಾನು ಸುಮ್ಮನಿರಲಿಲ್ಲ. ಬರೆಯುವವಳಿಗೆ ಅಷ್ಟಾದರೂ ಅಧಿಕಾರ ಬೇಡವೇ? ಹುಲ್ಲಿನ ಹೊರೆ ಇಟ್ಟುಕೊಂಡ ಮುದುಕಿಯೊಬ್ಬಳನ್ನು ಸೃಷ್ಟಿಸಿ ಹುಣಸೇಕೊಪ್ಪಲು ಗೇಟಿನಲ್ಲಿ ಬಸ್ಸು ನಿಲ್ಲಿಸಿದೆ. ಮುದುಕಿ ನಿಧಾನವಾಗಿ ಇಳಿದಳು. ಅದೂ ಸಾಲದೆಂದು ಎಂಜಿನ್ ಆಫ್ ಮಾಡಿಸಿದೆ. ಡ್ರೈವರ್ ಕೀಲಿ ತಿರುಗಿಸಿದ, ಅದು ಕೆಮ್ಮಿ ಸುಮ್ಮನಾಯಿತು. ಬಾಗಿಲು ತೆರೆದೇ ಇತ್ತು.

ಅರುಂಧತಿ ಎದ್ದು ನಿಂತಳು.

ಅವಳಿಗೆ ಕಿಟಕಿಯಿಂದಾಚೆ ಊರಿನ ದಾರಿ ಕಾಣುತ್ತಿತ್ತು. ದಾರಿಯ ಕೊನೆಗೆ ಸಮುದಾಯ ಭವನದ ನೀಲಿ ಗೋಡೆ, ಅದರ ಹಿಂದೆ ತಗ್ಗಿನಲ್ಲಿ ಮನೆಗಳ ಸಾಲು. ಅಲ್ಲೊಂದು ಮನೆಯಲ್ಲಿ ಈ ಹೊತ್ತಿಗೆ ಒಬ್ಬ ಹೆಂಗಸು ಹಿತ್ತಿಲ ಕಲ್ಲಿನ ಮೇಲೆ ಕೂತು ಕಾಲು ತೊಳೆಯುತ್ತಿರುತ್ತಾಳೆ, ಎಡಗಾಲು ಮೊದಲು.

“ಇಳೀತೀರಾ ಮೇಡಂ?” ಎಂದ ನಾಗರಾಜು.

“ಇಲ್ಲ ಕಣಪ್ಪ. ಸೀರೆ ಸರಿ ಮಾಡ್ಕೊಂಡೆ.”

ಕೂತಳು. ನನ್ನ ಅನುಮತಿಯಿಲ್ಲದೆ ಎಂಜಿನ್ ಶುರುವಾಯಿತು.

೯ (ಅಥವಾ ಇದಕ್ಕೆ ಸಂಖ್ಯೆ ಬೇಡ)

ಇನ್ನೂರು ಮೀಟರಿಗೆ ಫೋನು ಕೂಗಿತು. ಈ ಸಲ ಅವಳು ಆಮೇಲೆ ಒತ್ತಲಿಲ್ಲ. ಅಳಿಸಬೇಕೆ ಎಂದು ಕೇಳಿದ್ದಕ್ಕೆ ಹೌದು ಅಂದಳು. ಗೇಟಿನ ಮೊಳೆ ಮಾಯವಾಯಿತು.

ಆಮೇಲೆ ಎರಡು ಬೆರಳಿನಿಂದ ನಕ್ಷೆಯನ್ನು ಹಿಗ್ಗಿಸಿದಳು. ಗೇಟು ದಾಟಿ, ಭವನ ದಾಟಿ, ತಗ್ಗಿಗಿಳಿದು, ಕೊನೆಯ ಸಾಲಿನ ಮೂರನೆಯ ಸೂರಿನ ಮೇಲೆ ಬೆರಳು ಒತ್ತಿ ಹಿಡಿದಳು. ವೃತ್ತವನ್ನು ಒಂದು ನಡುಮನೆಯಷ್ಟಕ್ಕೆ ಕುಗ್ಗಿಸಲು ನೋಡಿದಳು. ಫೋನು ಅಷ್ಟು ಚಿಕ್ಕದಾಗುವುದಿಲ್ಲ ಎಂದಿತು. ಆಯಿತು ಅಂದುಕೊಂಡಳು. ‘ತಲುಪಿದಾಗ’ ಎಂಬುದನ್ನು ಒತ್ತಿದಳು. ತಾರೀಖು ಬೇಕಿಲ್ಲದ ಕಡೆ ತಾರೀಖೂ ಹಾಕಿದಳು: ಮಾರ್ಚ್ ತೆರೆದು, ಯುಗಾದಿಯನ್ನು ದಾಟಿ, ಅದರ ಮಾರನೆಯ ದಿನ.

ಹೊಸತೊಡಕಿಗೆ ಆ ಮನೆ ತುಂಬುತ್ತದೆ. ಚಿಕ್ಕಮ್ಮ ತಪ್ಪದೆ ಬರುತ್ತಾರೆ. ಆ ಎಂಟು ಜನವೂ ಬರುತ್ತಾರೆ.

ಏನು ಬರೆಯುತ್ತಾಳೆಂದು ನಾನು ಬಗ್ಗಿ ನೋಡಿದೆ. ಅವಳು ಬಿಸಿಲಿಗೆ ಅಡ್ಡ ಹಿಡಿದಂತೆ ಸೆರಗನ್ನು ಪರದೆಯ ಮೇಲೆ ಎಳೆದುಕೊಂಡು ಬರೆದಳು. ಎರಡಕ್ಷರವಲ್ಲ, ಜಾಸ್ತಿಯೇ ಇತ್ತು. ಬಿಸಿಲು ಆ ಕಡೆಯ ಕಿಟಕಿಯಲ್ಲಿತ್ತು.

ಮೂರು ವರ್ಷದ ಮೇಲೆ ಇನ್ನೂ ಇಪ್ಪತ್ತೊಂದು ದಿನ. ಇದೂ ‘ಆಮೇಲೆ’ಯೇ ಅಲ್ಲವೇ ಎಂದು ಕೇಳಿದೆ. ಅವಳು ಫೋನನ್ನು ಚೀಲಕ್ಕೆ ಹಾಕಿಕೊಂಡಳು. ಇದು ಮುಂದೂಡಿಕೆಯೂ ಆಗಿರಬಹುದು, ನಿರ್ಧಾರವೂ ಆಗಿರಬಹುದು. ಅವಳು ಆ ದಿನ ಹೋಗದೆಯೂ ಇರಬಹುದು. ಹೋಗಿ, ಸೆರಗು ಒಡ್ಡಿ, ‘ಅಕ್ಕನೇ ಹಾಕಲಿ’ ಅನ್ನಲಾಗದೆ ಮತ್ತೆ ಬಾಯಿ ಕಟ್ಟಬಹುದು. ಅಕ್ಕನೇ, ಬ್ಯಾಡ ಬುಡು ಎಂದು ಒಳಗೆ ಹೋಗಬಹುದು. ಈ ಯಾವುದನ್ನೂ ಬರೆಯಲು ಅವಳು ನನಗೆ ಬಿಡುತ್ತಿಲ್ಲ.

ಮನೆಗೆ ಬಂದಾಗ ಪುಟ್ಟರಾಜು ಮೇಷ್ಟ್ರು ಶಾಲನ್ನು ಬಿಡಿಸಿ ನೋಡಿ, ಚೆನ್ನಾಗಿದೆ ಅಂದರು. ಯಾರು ಯಾರು ಮಾತಾಡಿದರು ಎಂದು ಕೇಳಿದರು, ಹೇಳಿದಳು. ಅನು ಬಾದುಷಾ ತಿನ್ನುತ್ತಾ, ಇಳಿದೆಯಾ ಎಂದು ಕೇಳಿದಳು. ಬಸ್ಸು ನಿಂತಿತ್ತು, ಅಂದಳು ಅರುಂಧತಿ. ಅದು ಉತ್ತರವಲ್ಲ ಎಂದು ಮಗಳು ರೇಗಿಸಿ, ಫೋನು ಕೊಡು ನೋಡ್ತೀನಿ ಎಂದು ಕೈ ಚಾಚಿದಳು. ಅವಳು ಫೋನನ್ನು ಚಾರ್ಜಿಗೆ ಹಾಕಿ, ಕೈ ತೊಳೆದು, ನಾಳೆಗೆ ಕಾಳು ನೆನೆಸಿದಳು. ಆಮೇಲೆ ಬೆನ್ನು ತಿರುಗಿಸಿಕೊಂಡೇ ಒಂದು ಮಾತು ಕೇಳಿದಳು.

“ಯುಗಾದಿ ಮಾರನೇ ದಿನ ನಿಂಗೆ ಕಾಲೇಜು ಇದ್ಯಾ?”

“ಗೊತ್ತಿಲ್ಲ. ಯಾಕೆ?”

“ಸುಮ್ನೆ ಕೇಳ್ದೆ.”

ನನಗೂ ಅಷ್ಟೇ ಹೇಳಿದ್ದು.